ಕುಂಕುಮ ಹಚ್ಚಿದ ಡಾಲರು

ಗಾಜಿನ ಹಿಂದೆ ಕುಳಿತಿದ್ದ ಅಧಿಕಾರಿ ನಾನು ಕೊಟ್ಟ ಮೂರು ನೋಟುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ ನೋಡಿ, ಮೂರನ್ನೂ ನನ್ನ ಕಡೆಗೇ ತಳ್ಳಿದ. "ನೋ" ಎಂದ. ಅಷ್ಟೇ. ನಮ್ಮ ಸೇಡಂ ಸಂತೆಯಲ್ಲಿ ಹರಿದ ಹತ್ತರ ನೋಟು ಕೊಟ್ಟರೆ ಕಾಯಿಪಲ್ಯ ಮಾರುವಾಕೆ ಇದಕ್ಕಿಂತ ಹೆಚ್ಚು ಮಾತಾಡುತ್ತಾಳೆ.

ಅದು ಕಾಂಬೋಡಿಯದ ವಿಮಾನ ನಿಲ್ದಾಣ. ಇಳಿದವರು ಅಲ್ಲೇ ದುಡ್ಡು ಕಟ್ಟಿ ವೀಸಾ ಅಂಟಿಸಿಕೊಂಡು ಒಳಗೆ ಹೋಗಬೇಕು. ಒಬ್ಬರಿಗೆ ಮೂವತ್ತು ಡಾಲರು, ಇಬ್ಬರಿಗೆ ಅರವತ್ತು. ಕಟ್ಟದಿದ್ದರೆ ಬಂದ ವಿಮಾನದಲ್ಲೇ ವಾಪಸ್. ಅದು ಇನ್ನು ಒಂದೂವರೆ ತಾಸಿಗೆ ಹೊರಡುವುದಿತ್ತು. ನನ್ನ ಪಕ್ಕದಲ್ಲಿ ನನ್ನ ಅಕ್ಕ ಪಾಸ್‌ಪೋರ್ಟಿನ ಖಾಲಿ ಪುಟ ತೆರೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಯಾರೋ ಅಲ್ಲೇ ಮುದ್ರೆ ಒತ್ತುತ್ತಾರೆ ಎಂದುಕೊಂಡು ಅರ್ಧ ತಾಸಿನಿಂದ ಹಾಗೇ ಹಿಡಿದಿದ್ದಳು.

ಆ ದೇಶದ ದೊಡ್ಡ ಗುಡಿಯ ಚಿತ್ರ ನಾನು ಪಾಠ ಮಾಡುವ ಇತಿಹಾಸ ಪುಸ್ತಕದಲ್ಲಿದೆ. ಅಕ್ಕ ಏಳನೇ ಇಯತ್ತೆಯವರೆಗೆ ಓದಿದವಳು. ಕೊಟ್ಟ ಊರಾದ ಕೊಡ್ಲಿಯಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು, ಇಪ್ಪತ್ತೆಂಟು ವರ್ಷವಾಯಿತು. ನಾನು ಮನೆಯಲ್ಲಿ ಪುಸ್ತಕ ಬಿಚ್ಚಿದಾಗೆಲ್ಲ ಅದೊಂದು ಪುಟ ತೆಗೆದು ನೋಡುತ್ತಿದ್ದಳು. ಇಷ್ಟು ಕಲ್ಲು ಎಲ್ಲಿಂದ ತಂದರು, ಶಹಾಬಾದಿನಲ್ಲಿ ಇದ್ದಂತೆ ಅಲ್ಲಿಯೂ ಖಣಿ ಇವೆಯೇನು ಎಂದು ಕೇಳುತ್ತಿದ್ದಳು. ಒಮ್ಮೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳಿದ್ದೆ. ಹೇಳಿ ಎಷ್ಟೋ ವರ್ಷ ಸುಮ್ಮನಿದ್ದೆ. ಕೊನೆಗೆ ಈ ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಪ್ರವಾಸದ ಗುಂಪೊಂದರಲ್ಲಿ ಇಬ್ಬರ ಹೆಸರೂ ಬರೆಸಿದೆ. ಸಿಮೆಂಟ್ ಕಾರ್ಖಾನೆಯಲ್ಲಿರುವ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಸಿಗದಿದ್ದದ್ದು ಒಳ್ಳೆಯದೇ ಆಯಿತು. ನಾನು ಅಕ್ಕನಿಗೆ ಒಂದು ತಪ್ಪುಕಾಣಿಕೆ ಸಲ್ಲಿಸುವುದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನೋಟುಗಳನ್ನು ಕೈಗೆತ್ತಿಕೊಂಡು ನೋಡಿದೆ. ಮೂರೂ ಇಪ್ಪತ್ತರವು. ಮೂರರ ಮೇಲೂ ಅಚ್ಚಾಗಿರುವ ಆ ಗಂಡಸಿನ ಹಣೆಯ ನಡುವೆ, ಸರಿಯಾಗಿ ಎರಡು ಹುಬ್ಬು ಕೂಡುವಲ್ಲಿ, ಒಂದು ಕೆಂಪು ಬೊಟ್ಟು. ಗಾಬರಿಯಾಗಿ ಲಕೋಟೆಯಿಂದ ಉಳಿದವನ್ನೂ ತೆಗೆದೆ. ಹದಿನೈದು ನೋಟು, ಹದಿನೈದು ಹಣೆ, ಹದಿನೈದು ಬೊಟ್ಟು. ಬೆರಳಿಂದ ತಿಕ್ಕಿದೆ, ಇನ್ನಷ್ಟು ಹರಡಿತು. ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮ, ಕಾಗದದೊಳಗೆ ಇಳಿದುಬಿಟ್ಟಿತ್ತು.

ಪ್ರವಾಸದವರು ಕೊಟ್ಟ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು: ನೋಟು ಹೊಸದಾಗಿರಬೇಕು, ಮಡಿಕೆ, ಕಲೆ, ಬರಹ ಏನೂ ಇರಬಾರದು. ನಾನು ಅದನ್ನು ಓದಿ, ಹೈದರಾಬಾದಿಗೆ ಹೋಗಿ, ಡಾಲರು ಮಾರುವವನ ಜೊತೆ ಜಗಳವಾಡಿ ಎರಡು ಸಲ ಬದಲಿಸಿ ಗರಿಗರಿ ನೋಟು ಆರಿಸಿ ತಂದಿದ್ದೆ. ತಂದು ಅಲಮಾರಿಯಲ್ಲಿಟ್ಟು ಅಕ್ಕನಿಗೆ ಹೇಳಿದ್ದು ಒಂದೇ ಮಾತು, ಇದನ್ನು ಮುಟ್ಟಬೇಡ. ಯಾಕೆ ಎಂದು ಹೇಳಲಿಲ್ಲ. ನಾನು ಶಾಲೆಯಲ್ಲಿ ಮಕ್ಕಳಿಗೂ ಯಾಕೆ ಎಂದು ಹೇಳುವವಳಲ್ಲ.

"ಯಾರಕ್ಕಾ ಇದನ್ನ ಹಚ್ಚಿದವರು?"

ಅಕ್ಕ ಪಾಸ್‌ಪೋರ್ಟು ಮುಚ್ಚಿದಳು.

"ನಾನೇ," ಎಂದಳು. "ಶುಕ್ರವಾರ ನೀ ಬಜಾರಕ್ಕ ಹೋದ ಮ್ಯಾಲ. ಲಕ್ಷ್ಮಿ ಮನಿ ಬಿಟ್ಟು ಅಷ್ಟು ದೂರ ಹೊಂಟಾಳ, ಹಣಿ ಬರಿದು ಇಟ್ಟು ಹೆಂಗ ಕಳಿಸೋದು ಅಂತ..."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಊರಿಗೇ ಗೊತ್ತು. ಗಂಟಲು ಹರಿಯುವಂತೆ ಒದರಿದೆ. ಸುತ್ತಲಿನ ಮಂದಿ ತಿರುಗಿ ನೋಡುತ್ತಿದ್ದರು, ನನ್ನ ಭಾಷೆ ಅವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ ನನಗೆ. ಹೇಳಿದ್ದು ಒಂದೂ ತಲೆಗೆ ಹೋಗುವುದಿಲ್ಲ ಎಂದೆ, ಮುಟ್ಟಬೇಡ ಎಂದರೆ ಮುಟ್ಟಬೇಡ ಎಂದೇ ಅರ್ಥ ಎಂದೆ. ಕೊನೆಗೆ ನಾಲಿಗೆಯ ಮೇಲೆ ಹಿಡಿತ ತಪ್ಪಿ, "ನಿನಗ್ಯಾಕ ಬೇಕಾಗಿತ್ತು ಕುಂಕುಮದ ಉಸಾಬರಿ?" ಎಂದುಬಿಟ್ಟೆ.

ಗಂಡ ಸತ್ತವಳಿಗೆ ಈ ಮಾತು ಹೇಳಿದರೆ ಅದರ ಅರ್ಥ ಏನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಅಧಿಕಾರಿ ಸಾಲಿನಿಂದ ಪಕ್ಕಕ್ಕೆ ನಿಲ್ಲುವಂತೆ ಕೈ ಮಾಡಿದ. ಕಾರ್ಡು ನಡೆಯುತ್ತದೆಯೇ ಎಂದು ಕೇಳಿದೆ. ಇಲ್ಲ, ಆ ಮೂಲೆಯಲ್ಲಿ ಎಟಿಎಂ ಇದೆ, ಅಲ್ಲಿ ತೆಗೆದು ತಾ ಎಂದು ತೋರಿಸಿದ. ನನಗೆ ಹೋದ ಜೀವ ಬಂದ ಹಾಗಾಯಿತು. ಖಾತೆಯಲ್ಲಿ ಸಾಕಷ್ಟು ದುಡ್ಡಿತ್ತು. ಓಡಿದೆ, ಕಾರ್ಡು ತುರುಕಿದೆ, ಪಿನ್ ಒತ್ತಿದೆ. ಯಂತ್ರ ಸ್ವಲ್ಪ ಹೊತ್ತು ಗುರ್ ಎಂದು ಕಾರ್ಡನ್ನು ಹೊರಗೆ ಚಾಚಿತು. ದುಡ್ಡಿಲ್ಲ. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ. ಮೂರನೇ ಸಲ ಹಾಕಲು ಕೈ ಬರಲಿಲ್ಲ, ನುಂಗಿಬಿಟ್ಟರೆ ಏನು ಗತಿ?

ಅಲ್ಲೇ ನಿಂತಾಗ ಬ್ಯಾಂಕಿನವನ ಮಾತು ನೆನಪಾಯಿತು. ಹೊರದೇಶಕ್ಕೆ ಹೋಗುವುದಿದ್ದರೆ ಮೊಬೈಲಿನಲ್ಲಿ ಕಾರ್ಡಿಗೆ ಪರದೇಶದ ಬಳಕೆ ಚಾಲೂ ಮಾಡಿಕೊಳ್ಳಬೇಕು ಮೇಡಂ, ಇಲ್ಲೇ ಕುಂದ್ರಿ, ಎರಡು ನಿಮಿಷದಲ್ಲಿ ತೋರಿಸುತ್ತೇನೆ ಎಂದಿದ್ದ ಪಾಪ. ಮೂವತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ನನಗೆ ನೀನು ಕಲಿಸುತ್ತೀಯೇನಪ್ಪ ಎಂದು ನಕ್ಕು ಎದ್ದು ಬಂದಿದ್ದೆ. ಮನೆಗೆ ಬಂದು ಮರೆತೆ. ಈಗ ಮೊಬೈಲು ತೆರೆದು ನೋಡಿದರೆ ಚಾಲೂ ಮಾಡಲು ಸಂಖ್ಯೆಯೊಂದನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸುತ್ತೇವೆ ಎನ್ನುತ್ತದೆ. ನನ್ನ ಸಿಮ್ಮು ಆ ದೇಶದಲ್ಲಿ ಸತ್ತು ಬಿದ್ದಿತ್ತು. ನಿಲ್ದಾಣದ ಪುಕ್ಕಟೆ ವೈಫೈಯಲ್ಲಿ ಬರುತ್ತಿದ್ದದ್ದು ವಾಟ್ಸಾಪಿನ ಶುಭೋದಯದ ಹೂವಿನ ಚಿತ್ರಗಳು ಮಾತ್ರ. ಪ್ರವಾಸದ ಗುಂಪಿನ ಮುಂದಾಳು ಬ್ಯಾಗು ಕೂಡಿಸಲು ಮೊದಲೇ ಹೊರಗೆ ಹೋಗಿದ್ದ. ಅವನಿಗೆ ಮೇಲಿಂದ ಮೇಲೆ ಸಂದೇಶ ಹಾಕಿದೆ. ಒಂದೇ ಟಿಕ್ ಗುರುತು ಬಿತ್ತು, ಎರಡನೆಯದು ಬೀಳಲೇ ಇಲ್ಲ.

ನಮ್ಮ ಗುಂಪಿನ ಮಂದಿ ಒಬ್ಬೊಬ್ಬರಾಗಿ ವೀಸಾ ಹಚ್ಚಿಸಿಕೊಂಡು ಒಳಗೆ ಹೋಗುತ್ತಿದ್ದರು. ಪರ್ಸು ಕೊಡವಿದೆ. ಒಂದು ಇಪ್ಪತ್ತರದು, ಒಂದು ಹತ್ತರದು, ಎರಡು ಸ್ವಚ್ಛ ನೋಟು ಸಿಕ್ಕವು. ದಾರಿಖರ್ಚಿಗೆಂದು ಬೇರೆ ಇಟ್ಟಿದ್ದೆ. ಬ್ಯಾಂಕಾಕಿನಲ್ಲಿ ವಿಮಾನ ಬದಲಿಸುವಾಗ ಚಹಾ ಕುಡಿಯೋಣ ಎಂದರೆ ಅಕ್ಕ ರೇಟು ಕೇಳಿ, ಇಷ್ಟು ರೊಕ್ಕಕ್ಕೆ ನಮ್ಮಲ್ಲಿ ವಾರದ ಹಾಲು ಬರುತ್ತದೆ ಎಂದು ಬೇಡವೆಂದಿದ್ದಳು. ಗಂಟಿನಲ್ಲಿದ್ದ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ತಿಂದು ನೀರು ಕುಡಿದಿದ್ದೆವು. ಅವಳ ಜಿಪುಣತನದಿಂದ ಮೂವತ್ತು ಡಾಲರು ಉಳಿದಿತ್ತು. ಸರಿಯಾಗಿ ಒಂದು ವೀಸಾದ ದುಡ್ಡು.

ಅಕ್ಕ ಹತ್ತಿರ ಬಂದು ನೋಡಿದಳು. ಅವಳಿಗೆ ಲೆಕ್ಕ ತಿಳಿಯಿತು.

"ನೀ ಹೋಗಿ ಬಾ ತಂಗಿ," ಎಂದಳು. "ನಾ ಇಲ್ಲೇ ಕುಂದರ್ತೀನಿ. ನನಗ ರೂಢಿ ಅದ."

ನಾನು ಮುಂದೆ ಹೇಳುತ್ತೇನೆ ಎಂದದ್ದು ಇದನ್ನೇ. ನನ್ನ ಮಗಳು ಹುಟ್ಟಿದಾಗ ನನಗೆ ಚಿಂಚೋಳಿ ಕಡೆಯ ಶಾಲೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ಮಗಳನ್ನು ಎರೆದವಳು, ಉಣಿಸಿದವಳು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕುಳಿತವಳು ಅಕ್ಕ. ಆ ಮಗಳ ಮದುವೆ ಚಿತ್ತಾಪುರದ ಕಲ್ಯಾಣ ಮಂಟಪದಲ್ಲಿ ಆಯಿತು. ಅರಿಷಿಣ ಹಚ್ಚುವ ಹೊತ್ತಿಗೆ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಟ್ಟಲ ಹತ್ತಿರ ಬಂದಳು. ಬೀಗರ ಕಡೆಯ ಒಬ್ಬಾಕೆ ನನ್ನ ಮುಖ ನೋಡಿದಳು, ಅಷ್ಟೇ. ಬಾಯಿಂದ ಒಂದು ಮಾತು ಆಡಲಿಲ್ಲ. ಆಡಿದವಳು ನಾನು. ಅಕ್ಕಾ, ಈಗ ಮುಟ್ಟಬೇಡ, ಹೊರಗೆ ಸ್ವಲ್ಪ ಹೊತ್ತು ಕುಳಿತಿರು ಎಂದೆ. ಅವಳು ಪಡಸಾಲೆಯ ಕಲ್ಲುಕಟ್ಟೆಯ ಮೇಲೆ ಕುಳಿತಳು. ಒಳಗೆ ಮುತ್ತೈದೆಯರು ಅವಳ ಕೂಸಿಗೆ ಅರಿಷಿಣ ಹಚ್ಚಿದರು. ಪ್ರತಿ ವರ್ಷ ಬಸವ ಜಯಂತಿಗೆ ಶಾಲೆಯಲ್ಲಿ ಸಮಾನತೆಯ ಮೇಲೆ ಮುಕ್ಕಾಲು ತಾಸು ಭಾಷಣ ಬಿಗಿಯುವವಳು ನಾನೇ. ಆ ಮದುವೆಯಾಗಿ ಆರು ವರ್ಷವಾಗಿತ್ತು. ಅಕ್ಕ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ, ನನಗೂ ಎತ್ತುವ ಧೈರ್ಯ ಆಗಿರಲಿಲ್ಲ.

ಅವಳನ್ನು ಬಿಟ್ಟು ನಾನು ಒಳಗೆ ಹೋಗುವುದೇ? ಹೋದರೆ ಇಬ್ಬರೂ, ಇಲ್ಲದಿದ್ದರೆ ಇಬ್ಬರೂ ವಾಪಸ್ ಎಂದು ಹೇಳಿ ಅವಳ ರಟ್ಟೆ ಹಿಡಿದುಕೊಂಡು ಮತ್ತೆ ಸಾಲಿನ ಕಡೆ ನಡೆದೆ.

ಸಾಲಿನ ಕೊನೆಯಲ್ಲಿ ನಮ್ಮ ಗುಂಪಿನ ಒಬ್ಬನೇ ಉಳಿದಿದ್ದ. ತಾಂಡೂರಿನ ಬೇಳೆ ವ್ಯಾಪಾರಿ, ಹೆಂಡತಿ ಆಗಲೇ ಒಳಗೆ ಹೋಗಿದ್ದಳು. ಅವನದೂ ಅವನ ಹೆಂಡತಿಯದೂ ಅರ್ಜಿಗಳನ್ನು ವಿಮಾನದಲ್ಲಿ ತುಂಬಿಕೊಟ್ಟವಳು ನಾನೇ. ಅವನ ಮುಂದೆ ಲಕೋಟೆ ಬಿಚ್ಚಿ, ಎಲ್ಲ ಹೇಳಿ, ಮೂವತ್ತು ಡಾಲರಿನ ಸ್ವಚ್ಛ ನೋಟು ಕೊಟ್ಟು ಇವನ್ನು ತೆಗೆದುಕೊಳ್ಳಿ ಎಂದು ಬೇಡಿದೆ. ನಾನು ಯಾರನ್ನೂ ಹಾಗೆ ಬೇಡಿದವಳಲ್ಲ. ಅವನು ಒಂದು ನೋಟು ತೆಗೆದುಕೊಂಡು ಬೆಳಕಿಗೆ ಹಿಡಿದ. ತೊಗರಿಯ ಮಾದರಿ ಅಂಗೈಯಲ್ಲಿ ಹಾಕಿಕೊಂಡು ನೋಡುವ ಹಾಗೆ ನೋಡಿದ. ಹಣೆಯ ಬೊಟ್ಟು ಕಂಡು ನಕ್ಕ.

"ಮೇಡಂರೀ, ಇವು ಹೈದ್ರಾಬಾದ್ನಾಗೂ ಪೂರಾ ರೇಟಿಗಿ ಹೋಗಂಗಿಲ್ರಿ," ಎಂದ. "ನಲವತ್ತು ಕೊಡ್ರಿ, ಮೂವತ್ತು ತಗೋರ್ರಿ."

ಎಲಾ ಇವನ! ಅರ್ಜಿ ಪುಕ್ಕಟೆ ತುಂಬಿಸಿಕೊಳ್ಳುವಾಗ ಮೇಡಂ ದೇವರಂಥವರು ಎಂದಿದ್ದ. ಬೇರೆ ಹೊತ್ತಿನಲ್ಲಾಗಿದ್ದರೆ ಅವನ ಏಳು ಪೀಳಿಗೆ ಜಾಲಾಡಿಬಿಡುತ್ತಿದ್ದೆ. ಆದರೆ ಗಡಿಯಾರದಲ್ಲಿ ಮುಳ್ಳು ಓಡುತ್ತಿತ್ತು. ತುಟಿ ಕಚ್ಚಿಕೊಂಡು ಎರಡು ಇಪ್ಪತ್ತರ ನೋಟು ಅವನ ಕೈಗಿಟ್ಟೆ. ಅವನು ಕೊಟ್ಟ ನೋಟುಗಳ ಹಣೆಯನ್ನೇ ಮೊದಲು ಪರೀಕ್ಷಿಸಿದೆ. ಸ್ವಚ್ಛವಿದ್ದವು.

ಅಧಿಕಾರಿ ನಾಲ್ಕೂ ನೋಟು ತಿರುಗಿಸಿ ನೋಡಿದ. ಕೊನೆಗೆ ಡ್ರಾಯರು ಎಳೆದು ಒಳಗೆ ಹಾಕಿದ. ಮೊದಲು ಅಕ್ಕನದಕ್ಕೆ ಹಚ್ಚು ಎಂದು ಅವಳ ಪಾಸ್‌ಪೋರ್ಟನ್ನೇ ಮುಂದೆ ನೂಕಿದೆ.

ಹೊರಗೆ ಬಸ್ಸು ನಮಗಾಗಿ ಕಾಯುತ್ತಿತ್ತು. ಎಲ್ಲರೂ ಗುರಾಯಿಸಿದರು, ನಾನೂ ಗುರಾಯಿಸಿದೆ. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದೆ. ಸಂಜೆಯ ಬಿಸಿಲಲ್ಲಿ ಭತ್ತದ ಗದ್ದೆಗಳು ಕಾಣುತ್ತಿದ್ದವು. ದಂಡೋತಿಯ ನಮ್ಮ ತವರಿನಲ್ಲಿ ಕಾಗಿಣಾ ಹೊಳೆಯ ದಂಡೆಗೆ ಕುಳಿತು ಅವಳು ನನಗೆ ಜಡೆ ಹಾಕುತ್ತಿದ್ದ ಕಾಲದಿಂದ ಅವಳ ಸುಮ್ಮನಿರುವಿಕೆ ನನಗೆ ಗೊತ್ತು. ಇದು ಸಿಟ್ಟಿನ ಮೌನವಲ್ಲ. ಏನನ್ನೋ ಕೇಳಲೋ ಬೇಡವೋ ಎಂದು ತೂಗುತ್ತಿದ್ದಳು.

"ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ," ಎಂದಳು. "ಮುತ್ತೈದಿ ಕೈಲೆ ಹಚ್ಚಿದ್ದಿದ್ರ ಅಂವ ಆ ನೋಟು ತಗೋತಿದ್ನೇನು?"

ಇಷ್ಟು ಹೊತ್ತೂ ಅವಳು ಅದನ್ನೇ ನಂಬಿಕೊಂಡು ನಿಂತಿದ್ದಳು. ಸಮುದ್ರ ದಾಟಿ ಬಂದ ಈ ದೇಶದಲ್ಲಿಯೂ ಗಾಜಿನ ಹಿಂದಿನವನಿಗೆ ಅವಳು ಯಾರೆಂದು ಗೊತ್ತಾಗಿಬಿಟ್ಟಿತು, ಅದಕ್ಕೇ ನೋಟು ತಿರುಗಿ ಬಂದಿತು ಎಂದು. ಅದರ ಮೇಲೆ ನಾನು ಆಡಿದ ಮಾತು ಬೇರೆ.

ಪರ್ಸಿನಿಂದ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟೆ.

"ಇದನ್ನ ನೋಡಕ್ಕಾ. ಇದಕ್ಕ ಯಾರೂ ಕುಂಕುಮ ಹಚ್ಚಿಲ್ಲ. ಮುಟ್ಟಿದಾಕಿ ನಾ ಒಬ್ಬಾಕಿನೇ, ಮುತ್ತೈದಿ. ಆದ್ರೂ ನಡೀಲಿಲ್ಲ. ಬ್ಯಾಂಕಿನಾಂವ ಹೇಳಿದ್ದು ನಾ ಕೇಳಲಿಲ್ಲ, ಅದು ನನ್ನ ತಪ್ಪು. ಅಂವಗ ಬೇಕಾಗಿದ್ದು ಕಲೆ ಇಲ್ಲದ ಕಾಗದ. ಯಾರು ಹಚ್ಚಿದ್ರೂ ಅಂವ ತಗೋತಿದ್ದಿಲ್ಲ."

ಅಕ್ಕ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಬಸ್ಸು ಒಂದು ಊರು ದಾಟಿತು.

"ಹಂಗಾದ್ರ ಅವತ್ತ ನಮ್ಮ ಕೂಸಿಗಿ ನಾ ಅರಿಷಿಣ ಹಚ್ಚಿದ್ರೂ ಏನೂ ಆಗ್ತಿದ್ದಿಲ್ಲ," ಎಂದಳು.

ಅವಳು ನನ್ನನ್ನು ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ತಿರುಗಿ ಒದರಲಾದರೂ ಬರುತ್ತಿತ್ತು. ಇಷ್ಟು ವರ್ಷದ ಅನುಮಾನವೊಂದು ಈಗ ಬಗೆಹರಿಯಿತು ಎಂಬ ಹಾಗೆ, ಮೆಲ್ಲಗೆ ಹೇಳಿದಳು. ನನ್ನ ಕಣ್ಣಲ್ಲಿ ನೀರು ದಳದಳ ಇಳಿಯಿತು. ತಾಂಡೂರಿನವನು ಹಿಂದಿನ ಸೀಟಿನಿಂದ ಇಣುಕಿ ನೋಡಿದ, ನೋಡಲಿ ಎಂದುಕೊಂಡೆ.

"ಇಲ್ಲಕ್ಕಾ," ಎಂದೆ. "ಏನೂ ಆಗ್ತಿದ್ದಿಲ್ಲ."

ಅಕ್ಕ ತಲೆ ಆಡಿಸಿದಳು. ನನ್ನ ಕೈ ಹಿಡಿದುಕೊಂಡು, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿ ಕುಳಿತಳು.