ಔಷಧಿ ಪೆಟ್ಟಿಗೆಯೊಳಗಿನ ಕಾಗದ

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಸಣ್ಣ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದವರು ನಾಲ್ವರು. ವಾರ್ಡ್ ಸಿಸ್ಟರ್ ಆಗಿದ್ದ ನಾನು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹೊರನಾಡು ಕಡೆಯ ನರ್ಸ್, ಆಯಾ, ಮತ್ತು ಕಿಟಕಿ ಪಕ್ಕದ ಮಂಚದಲ್ಲಿ ಏಳು ತಿಂಗಳ ಬಸುರಿ. ಆಕೆ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಮೈಯಲ್ಲಿ ರಕ್ತ ತೀರಾ ಕಡಿಮೆಯಿತ್ತು. ಹೆರಿಗೆಯ ಮೊದಲು ಅದು ಏರದಿದ್ದರೆ ತಾಯಿಗೂ ಮಗುವಿಗೂ ಅಪಾಯವೆಂದು ಡಾಕ್ಟರು ಹಿಂದಿನ ದಿನವೇ ಹೇಳಿ ಹೋಗಿದ್ದರು.

ಶನಿವಾರ ಔಷಧಿ ಬೀರು ಜೋಡಿಸುವ ದಿನ. ಹೊಸದಾಗಿ ಬಂದ ಔಷಧಿಗಳನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಚೀಟಿ ಅಂಟಿಸಿದ ತಟ್ಟೆಗಳಲ್ಲಿ ಸಾಲಾಗಿ ಇಡಬೇಕು. ಖಾಲಿ ಪೆಟ್ಟಿಗೆ, ಅದರೊಳಗಿನ ಮಡಿಸಿದ ಕಾಗದ, ಎರಡೂ ಹಿತ್ತಲಿನ ಬಿಸಿನೀರಿನ ಒಲೆಗೆ. ತರಬೇತಿಯ ದಿನಗಳಲ್ಲಿ ನಮ್ಮ ಮೇಲಿನವರು ಬೀರುವಿನ ಮೂಲೆಗೆ ಬೆರಳು ಹಾಕಿ ಧೂಳು ನೋಡುತ್ತಿದ್ದರು. ಕಾಗದದ ಚೂರು ಸಿಕ್ಕರೆ ಆ ಭಾನುವಾರದ ರಜೆ ಹೋಯಿತು. ಅಲ್ಲಿ ಕಲಿತದ್ದನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ನಡೆಸಿಕೊಂಡು ಬಂದಿದ್ದೆ.

ಅಂದು ಮೊದಲ ಬಾರಿಗೆ ಹೊಸ ಬಗೆಯ ಕಬ್ಬಿಣದ ಇಂಜೆಕ್ಷನ್ ಬಂದಿತ್ತು. ಹಳೆಯದನ್ನು ಸೊಂಟದ ಕೆಳಗೆ ಮಾಂಸಕ್ಕೆ ಚುಚ್ಚುತ್ತಿದ್ದೆವು. ಇದನ್ನು ಸಲೈನಿಗೆ ಬೆರೆಸಿ ನರದ ಮೂಲಕ ಡ್ರಿಪ್ ಕೊಡಬೇಕು. ಪೆಟ್ಟಿಗೆ ಬಿಚ್ಚುತ್ತಿದ್ದ ನರ್ಸ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ಓದುತ್ತಿದ್ದಳು. ಇರುವೆಯಂಥ ಇಂಗ್ಲಿಷ್ ಅಕ್ಷರ. ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು.

"ಎಂತದು?"

"ಒಳಗಿದ್ದ ಪೇಪರ್ ಸಿಸ್ಟರ್. ಹೊಸದಲ್ವಾ, ಓದಿ ಇಟ್ಕೊಳ್ಳೋಣ ಅಂತ."

"ಡ್ಯೂಟಿಯಲ್ಲಿ ಓದ್ಲಿಕ್ಕೆ ಕೂತ್ರೆ ಬೀರು ಯಾರು ಜೋಡಿಸ್ತಾರೆ? ನಿಮ್ಮಜ್ಜನಾ?"

ಆಯಾ ನಕ್ಕಳು. ನಾನು ಕೈ ಚಾಚಿದೆ. ಅವಳು ಕಾಗದವನ್ನು ಮೊದಲಿದ್ದ ಮಡಿಕೆಯಂತೆಯೇ ಮಡಿಸಿ ಕೊಟ್ಟಳು. ಆಯಾ ಅದನ್ನು ಉಳಿದವುಗಳ ಜೊತೆ ಒಲೆಗೆ ಹಾಕಿದಳು.

ಓದಬೇಕೆಂದರೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಔಷಧಿಗಳ ದಪ್ಪ ಪುಸ್ತಕವೊಂದಿತ್ತು, ಆದರೆ ಅದು ಡಾಕ್ಟರ ಕೋಣೆಯಲ್ಲಿ. ನಾವು ಅದನ್ನು ಮುಟ್ಟುತ್ತಿರಲಿಲ್ಲ. ತಿಳಿದವರನ್ನು ಕೇಳೋಣವೆಂದರೆ ಚಿಕ್ಕಮಗಳೂರಿಗೇ ಹೋಗಬೇಕು. ಮೊಬೈಲುಗಳು ಡ್ಯೂಟಿ ಮುಗಿಯುವವರೆಗೆ ನನ್ನ ಮೇಜಿನ ಡ್ರಾಯರಿನಲ್ಲಿರಬೇಕೆಂಬುದು ನಾನೇ ಮಾಡಿದ ನಿಯಮ.

ಹತ್ತು ಗಂಟೆಗೆ ಡ್ರಿಪ್ ಶುರು ಮಾಡಿದೆ. ಸೂಜಿ ನಾನೇ ಹಾಕಿದೆ, ಬಲಗೈಗೆ. ಬಸುರಿಗೆ ಅವಸರವಿತ್ತು. ಮಧ್ಯಾಹ್ನ ಎಸ್ಟೇಟಿನ ಜೀಪು ಬರುವುದು, ಅದು ತಪ್ಪಿದರೆ ಸಂಜೆಯವರೆಗೆ ಕಾಯಬೇಕು, ಮನೆಯಲ್ಲಿ ಇಬ್ಬರು ಮಕ್ಕಳು.

ಸ್ವಲ್ಪ ಹೊತ್ತಿಗೆ ಆಕೆ, "ಉರೀತದೆ ಸಿಸ್ಟರಮ್ಮ" ಎಂದಳು.

"ಕಬ್ಬಿಣ ಅಂದ್ರೆ ಉರೀತದೆ. ಸೊಂಟಕ್ಕೆ ಕೊಟ್ಟಾಗ ಉರಿದಿರ್ಲಿಲ್ವಾ?"

"ಅದು ಬೇರೆ ಥರ ಉರೀತಿತ್ತು."

"ಗಂಡನ ಹತ್ರ ಇಷ್ಟು ವಾದ ಮಾಡಿದ್ರೆ ಮೂರನೇದು ಆಗ್ತಿರ್ಲಿಲ್ಲ."

ಆಕೆ ನಕ್ಕಳು. ನಗುತ್ತಲೇ ಹಲ್ಲು ಕಚ್ಚಿ ಹಿಡಿದಳು. ನರ್ಸ್ ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ, "ಒಂದ್ಸಲ ನಿಲ್ಸಿ ನೋಡೋಣ್ವಾ ಸಿಸ್ಟರ್? ಆ ಪೇಪರಲ್ಲಿ ಉರಿ ಬಗ್ಗೆ ಏನೋ ಇತ್ತು. ಪೂರ್ತಿ ಓದೋಕಾಗ್ಲಿಲ್ಲ" ಎಂದಳು.

ನಾನು ನಿಲ್ಲಿಸಲಿಲ್ಲ. ರೋಗಿಯ ಎದುರು ಕಿರಿಯಳೊಬ್ಬಳು ನನಗೆ ಹೇಳಿಕೊಟ್ಟಳಲ್ಲ ಎಂಬುದೇ ಮನಸ್ಸಿನಲ್ಲಿತ್ತು. "ಹಾಸಿಗೆ ಬಟ್ಟೆ ಎಣಿಸಿ ಬಾ" ಎಂದು ಅವಳನ್ನು ಹೊರಗೆ ಕಳಿಸಿದೆ.

ಹತ್ತು ನಿಮಿಷ ಬಿಟ್ಟು ಹೊದಿಕೆ ಸರಿಸಿದಾಗ ಮಣಿಕಟ್ಟಿನಿಂದ ಮೇಲಕ್ಕೆ ಕೈ ಬಾತಿತ್ತು. ಸೂಜಿ ನರದಿಂದ ಜಾರಿ, ಔಷಧಿಯೆಲ್ಲ ಚರ್ಮದಡಿ ಇಳಿದಿತ್ತು. ತಕ್ಷಣ ನಿಲ್ಲಿಸಿದೆ. ಬಾವಿನ ಸುತ್ತ ಕಂದು ಬಣ್ಣ ಆಗಲೇ ಕಾಣುತ್ತಿತ್ತು.

ನರ್ಸನ್ನು ಕರೆದು, ಡ್ರಾಯರಿನಿಂದ ಅವಳ ಮೊಬೈಲ್ ತೆಗೆದು ಕೈಗೆ ಕೊಟ್ಟೆ. ಸಿಗ್ನಲ್ ಸಿಗುವುದು ಗೇಟಿನ ಬಳಿ ಮಾತ್ರ. ಅವಳು ಅಲ್ಲಿ ನಿಂತು ಆ ಔಷಧಿಯ ಹೆಸರು ಹಾಕಿ ಹುಡುಕಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಉರಿ ಎಂದೊಡನೆ ನಿಲ್ಲಿಸಬೇಕು ಎಂದು ಅಲ್ಲಿ ಬರೆದಿತ್ತು. ಕಲೆ ಬಹುಕಾಲ ಉಳಿಯಬಹುದು, ಹೋಗದೆಯೂ ಇರಬಹುದು ಎಂದೂ ಇತ್ತು. ಅವಳು ಅದನ್ನು ನಿಧಾನವಾಗಿ ಕನ್ನಡ ಮಾಡಿ ಹೇಳಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಸೂಜಿ ಜಾರಿದೆ ಎಂದಷ್ಟೇ ಹೇಳಿದೆ. ಬಾತ ಜಾಗಕ್ಕೆ ತಣ್ಣೀರು ಪಟ್ಟಿ ಇಟ್ಟು, ಇನ್ನೊಂದು ಕೈಗೆ ಹೊಸದಾಗಿ ಶುರು ಮಾಡಲು ಅವರು ಹೇಳಿದರು. ಬಸುರಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಸಿಸ್ಟರಮ್ಮ. ಉರೀತದೆ ಅಂದ್ರೆ ನೀವು ಕೇಳ್ಲಿಲ್ಲ."

"ಈ ಸಲ ಸರಿಯಾಗಿ ನೋಡ್ತೇನೆ. ಮಗುಗೋಸ್ಕರ ಹಾಕಿಸ್ಕೊಳ್ಳಿ."

"ಮಗು ನಂದು. ನಾನು ನೋಡ್ಕೊಳ್ತೇನೆ."

ನರ್ಸ್ ಮಂಚದ ತುದಿಯಲ್ಲಿ ಕೂತು, "ಅಕ್ಕಾ, ನಾನು ಹಾಕ್ಲಾ?" ಎಂದು ಕೇಳಿದಳು. ಆಕೆ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಆಕೆ ಎದ್ದು ಚಪ್ಪಲಿ ಹುಡುಕಿದಳು.

ಮತ್ತೆ ಬರಲಿಲ್ಲ. ಎಸ್ಟೇಟಿನ ಲೈನುಮನೆಗಳಲ್ಲಿ ಆಕೆಯ ಅಕ್ಕಪಕ್ಕದ ಇನ್ನಿಬ್ಬರು ಬಸುರಿಯರೂ ಆ ಕೈ ನೋಡಿ ಡ್ರಿಪ್ ಬೇಡವೆಂದರು. ಆಕೆಗೆ ಚಿಕ್ಕಮಗಳೂರಿನಲ್ಲಿ ಹೆರಿಗೆಯಾಯಿತು. ತುಂಬಾ ರಕ್ತ ಹೋಗಿ, ಬೇರೆಯವರ ರಕ್ತ ಕೊಟ್ಟು ಉಳಿಸಿದರು. ಮಗು ಉಳಿಯಲಿಲ್ಲ. ಅಂದಿನ ಬಾಟಲಿಯೊಂದೇ ಅದನ್ನು ಉಳಿಸುತ್ತಿತ್ತೇ ಎಂಬುದನ್ನು ಯಾರೂ ಹೇಳಲಾರರು. ನಾನಂತೂ ಯಾರನ್ನೂ ಕೇಳಲಿಲ್ಲ.

ಮುಂದಿನ ಶನಿವಾರದಿಂದ ಕಾಗದ ಸುಡುವುದನ್ನು ನಿಲ್ಲಿಸಿದೆ. ಅವನ್ನು ದಾರ ಪೋಣಿಸಿ ಬೀರುವಿನ ಬಾಗಿಲಿಗೆ ಕಟ್ಟಲು ನರ್ಸಿಗೆ ಹೇಳಿದೆ. ಅವಳು ಪ್ರತಿ ಕಾಗದದ ಹಿಂದೆ ಎರಡು ಮೂರು ಸಾಲು ಕನ್ನಡದಲ್ಲಿ ಬರೆದಿಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಓದುತ್ತಿದ್ದೆ. ಬದಲಾವಣೆ ಯಾಕೆಂದು ಆಯಾ ಕೇಳಿದಾಗ, ಒಲೆಗೆ ಸೌದೆ ಸಾಕಷ್ಟಿದೆ ಎಂದೆ. ನಿವೃತ್ತಿಯ ದಿನ ಎಲ್ಲರೂ ನನ್ನ ಶಿಸ್ತನ್ನು ಹೊಗಳಿದರು. ಆ ನರ್ಸ್ ಕೂಡ ಎರಡು ಮಾತಾಡಿದಳು. ಆ ಶನಿವಾರವನ್ನು ಎತ್ತಲಿಲ್ಲ. ಅವಳ ಕ್ಷಮೆ ಕೇಳಲು ಅದು ನನಗಿದ್ದ ಕೊನೆಯ ಅವಕಾಶ. ನಾನು ಕೇಳಲಿಲ್ಲ.

ಡ್ರಿಪ್ ಕೊಟ್ಟ ಆ ಶನಿವಾರ ಇನ್ನೊಂದು ಕೆಲಸ ಬಾಕಿಯಿತ್ತು. ಸಂಜೆ ಐದಕ್ಕೆ ರಿಪೋರ್ಟ್ ಪುಸ್ತಕ ತೆರೆದು, ಕಿಟಕಿ ಪಕ್ಕದ ಮಂಚದ ಎದುರಿಗೆ, "ಕಬ್ಬಿಣದ ಡ್ರಿಪ್: ರೋಗಿ ನಿರಾಕರಿಸಿದ್ದಾರೆ" ಎಂದು ಬರೆದೆ. ಎರಡನೇ ಸಹಿ ಹಾಕಬೇಕಾಗಿದ್ದ ನರ್ಸ್ ಅದನ್ನು ಓದಿದಳು.

"ಯಾಕೆ ನಿರಾಕರಿಸಿದ್ರು ಅಂತ ಬರೀಬೇಕಲ್ವಾ ಸಿಸ್ಟರ್?"

"ಕಾಲಂನಲ್ಲಿ ಜಾಗ ಇಲ್ಲ."

ಅರ್ಧ ಪುಟ ಖಾಲಿಯಿತ್ತು. ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು, ಸಹಿ ಹಾಕಿದಳು. ನಾನು ಸ್ಕೇಲ್ ಇಟ್ಟು ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿದೆ.