ಅವ್ವ ಹೇಳಿದ ಸಾಕ್ಷಿ

ನಮ್ಮವ್ವ ರೇವಮ್ಮನ ಬಾಯಿಗೆ ನಮ್ಮೂರು ಕಟ್ಟಾಯದಲ್ಲಿ ಹೆದರದೆ ಇದ್ದೋರು ಇಬ್ಬರೇ. ಒಂದು ನಮ್ಮ ಎಮ್ಮೆ, ಇನ್ನೊಬ್ಬ ಅವ್ವನ ತಮ್ಮ, ಲಕ್ಕಯ್ಯಮಾವ. ಮಾವನಿಗೆ ತಲೆ ನೆಟ್ಟಗಿರಲಿಲ್ಲ. ಬೆದರುಬೊಂಬೆಗೆ ಮುದ್ದೆ ಉಣ್ಣಿಸಕ್ಕೆ ಹೋಗೋನು, ಅದು ಉಣ್ಣಲಿಲ್ಲ ಅಂತ ಮುನಿಸಿಕೊಳ್ಳೋನು. ಯಾರಾದ್ರೂ ನಕ್ಕರೋ, ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಅವನ ಮೈಮೇಲೆ ದ್ಯಾವ್ರು ಬತ್ತದೆ ಕಣ್ಲಾ, ನಿಂಗೇನು ಗೊತ್ತು!" ಅಂತ ಮೇಲೆ ಬೀಳೋಳು. ಹುಚ್ಚಿನ ಮನೆ ಅಂತ ಹೆಸರು ಬಿದ್ದರೆ ಅಲ್ಲಿಯ ಹೆಣ್ಣನ್ನ ಯಾರು ಮಾಡ್ಕೋತಾರೆ? ನನಗೆ ಆಗ ಚನ್ನರಾಯಪಟ್ಟಣದ ಕಡೆ ಗಂಡು ಗೊತ್ತಾಗಿತ್ತು.

ಐವತ್ತೆಂಟನೇ ಇಸವೀಲಿ ಮಾವ, ಹೊಲ ಕಾಯ್ತಿದ್ದ ತಮ್ಮಯ್ಯನನ್ನ ದೆವ್ವ ಅಂದುಕೊಂಡು ದೊಣ್ಣೇಲಿ ಬಡಿದ. ಪಾಪ, ಆತ ಅಲ್ಲೇ ಹೋದ. ಹಾಸನದ ಕೋರ್ಟಲ್ಲಿ ಕೇಸು ನಡೀತು. ನಮ್ಮ ವಕೀಲರು ಅವ್ವನಿಗೆ ಬಿಡಿಸಿ ಹೇಳಿದ್ರು: "ಬುದ್ಧಿ ಸ್ವಾಧೀನ ಇರಲಿಲ್ಲ ಅಂತ ಆದ್ರೆ ಗಲ್ಲು ತಪ್ಪುತ್ತೆ. ಕಂಡದ್ದು ಕಂಡಂಗೆ ಹೇಳಮ್ಮ, ಸಾಕು."

ಅವ್ವ ಕಟಕಟೆ ಹತ್ತಿ ನೋಡ್ತಾಳೆ, ಸುದ್ದಿ ಕೇಳಿ ಬಂದ ನನ್ನ ಅತ್ತೆಯಾಗೋರು ದೊಡ್ಡತಾಯಮ್ಮ ಮುಂದಿನ ಬೆಂಚಲ್ಲೇ ಕೂತವ್ರೆ! ಸರಿ, ಬಾಯಿಬಿಟ್ಟಳು: "ನನ್ನ ತಮ್ಮ ಅಪ್ಪಟ ಬಂಗಾರ ಸಾ. ಅವನಷ್ಟು ಬುದ್ಧಿವಂತ ಸುತ್ತೇಳು ಹಳ್ಳೀಲಿಲ್ಲ."

ವಕೀಲರು ತಲೆ ಮೇಲೆ ಕೈ ಹೊತ್ತರು. ನನಗೆ ಮೈಯೆಲ್ಲಾ ಉರಿದುಹೋಯ್ತು. ಈ ಮದುವೆ ಹಾಳಾಗಿ ಹೋಗ್ಲಿ, ಮಾವನ ಕುತ್ತಿಗೆಗೆ ಹಗ್ಗ ಬೀಳ್ತದಲ್ಲಪ್ಪಾ!

ಎದುರಿನ ಕಟಕಟೆಯಿಂದ ಮಾವ ನಗುತ್ತಾ ಕೇಳಿದ: "ಅಕ್ಕಾ, ತಮ್ಮಯ್ಯಣ್ಣ ಎದ್ನಾ? ಅಂಬ್ಲಿ ಕುಡುದ್ನಾ?"

ಅವ್ವ ಜಡ್ಜರ ಕಡೆ ತಿರುಗಿ ಕೈಮುಗಿದಳು. "ಹುಚ್ಚ ಸಾ! ನನ್ನ ತಮ್ಮ ಹುಚ್ಚ. ಹೊಡೆದೋನೇ ತಮ್ಮಯ್ಯಂಗೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಅಂಬಲಿ ಇಟ್ಕೊಂಡು, ಬಂದೋರಿಗೆಲ್ಲ 'ಸದ್ದು ಮಾಡಬ್ಯಾಡಿ, ಮಲಗವ್ನೆ' ಅಂತಿದ್ದ. ದ್ಯಾವ್ರೂ ಇಲ್ಲ, ಗೀವ್ರೂ ಇಲ್ಲ. ಸುಳ್ಳು ಹೇಳಿದ್ದು ನಾನು, ಬೇಕಾದ್ರೆ ನನ್ನೇ ಗಲ್ಲಿಗಾಕಿ!"

ಡಾಕ್ಟರೂ ಅದನ್ನೇ ಹೇಳಿದರು. ಗಲ್ಲು ತಪ್ಪಿತು, ಮಾವನನ್ನ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು.

ತೀರ್ಪಿನ ದಿನವೂ ದೊಡ್ಡತಾಯಮ್ಮ ಬಂದಿದ್ದರು. ಹೊರಗೆ ಮರದ ಕೆಳಗೆ ಅವ್ವ ತಲೆ ಎತ್ತದೆ, "ಸಂಬಂಧ ಬ್ಯಾಡ ಅನ್ನೋದಾದ್ರೆ ಈಗ್ಲೇ ಯೋಳ್ಬುಡಿ" ಅಂದಳು.

ಆಕೆ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ ಅವ್ವನ ಕೈಗಿಟ್ಟರು. ಆಚೀಚೆ ನೋಡಿ ಮೆಲ್ಲಗೆ ಅಂದರು: "ನಮ್ಮನೇಲೂ ಒಬ್ಬನ ಮೈಮೇಲೆ ದ್ಯಾವ್ರು ಬತ್ತದೆ ಕಣ್ರವ್ವ. ನಿಮಗೆ ಗೊತ್ತಾದ್ರೆ ಹೆಣ್ಣು ಕೊಡಾಕಿಲ್ಲ ಅಂತ ನಾನೇ ಎದರ್ಕಂಡಿದ್ದೆ."