ಬೆನ್ನ ಹಿಂದಿನ ಕೈಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹಾಗೆಂದಾಗಲೆಲ್ಲ ಮಹಾರಾಷ್ಟ್ರದ ರಾಂಜಣಗಾಂವ ಹತ್ತಿರದ ಹಳ್ಳಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅಕ್ಕೋರು ನೆನಪಾಗುತ್ತಾರೆ. ಪಾಠದುದ್ದಕ್ಕೂ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ತಾವು ಕೀಬೋರ್ಡ್ ಮುಟ್ಟಿದರೆ ಮಕ್ಕಳು ಕಲಿಯುವುದಿಲ್ಲ ಎನ್ನುತ್ತಿದ್ದರು. ಉಳಿದವರೊಡನೆಲ್ಲ ಮರಾಠಿಯಲ್ಲಿ ಮಾತಾಡಿದರೂ, ಕನ್ನಡದ ಮನೆಯ ನನಗೆ ಮಾತ್ರ ಕನ್ನಡದಲ್ಲೇ ಹೇಳುತ್ತಿದ್ದರು, "ಒತ್ತವ್ವಾ, ಕೆಟ್ಟರ ನಾ ಅದೀನಿ."

ಇದ್ದ ಒಂದೇ ಕಂಪ್ಯೂಟರನ್ನು ಕೊಟ್ಟಿದ್ದ ಕಾರ್ಖಾನೆಯ ಸಾಹೇಬರು ಒಂದು ದಿನ ಪರೀಕ್ಷಿಸಲು ಬಂದರು. ಮಕ್ಕಳಿಗೆ ಬಾರದಿದ್ದರೆ ಅದನ್ನು ಪುಣೆಯ ಶಾಲೆಗೆ ಸಾಗಿಸುವುದೆಂದು ಮೊದಲೇ ಹೇಳಿದ್ದರು. ಮುಂದಿನ ಸಾಲಿನವರನ್ನು ಬಿಟ್ಟು, ಕೊನೆಯಲ್ಲಿ ಕುಳಿತಿದ್ದ ನನ್ನನ್ನು ಕರೆದು ಹೆಸರು ಟೈಪ್ ಮಾಡಲು ಹೇಳಿದರು. ನನ್ನ ಹೆಸರು ಅರ್ಧ ಮೂಡುವಷ್ಟರಲ್ಲಿ ಪರದೆ ನಿಂತುಬಿಟ್ಟಿತು. ಏನು ಒತ್ತಿದರೂ ಅಲುಗಲಿಲ್ಲ.

"ಏನ್ರೀ ಟೀಚರ್, ಇಷ್ಟೇನಾ ಕಲಿಸಿದ್ದು? ನೀವೇ ಸರಿಮಾಡಿ," ಎಂದು ಸಾಹೇಬರು ಮರಾಠಿಯಲ್ಲಿ ಗದರಿದರು.

ಅಕ್ಕೋರು ಕೈ ಬಿಚ್ಚಲಿಲ್ಲ. ನನ್ನನ್ನೇ ನೋಡಿ, "ಒತ್ತವ್ವಾ, ಕೆಟ್ಟರ ನಾ ಅದೀನಿ," ಎಂದರು.

ನಾನು ಕಂಪ್ಯೂಟರ್ ಆರಿಸಿದೆ, ಮತ್ತೆ ಹಚ್ಚಿ ಕಾದೆ. ಪರದೆ ಬೆಳಗಿತು. ಈ ಸಲ ಹೆಸರು ಪೂರ್ತಿ ಬಂತು.

"ಇಲ್ಲೇ ಇರಲಿ," ಎಂದು ಸಾಹೇಬರು ಹೊರಟರು.

ಜೀಪು ಮರೆಯಾದ ಮೇಲೆ ಅಕ್ಕೋರು ಕೈ ಮುಂದೆ ತಂದರು. ಎಡಗೈ ಮಣಿಕಟ್ಟಿನಲ್ಲಿ ಅವರದೇ ಉಗುರುಗಳು ನಾಟಿ ರಕ್ತ ಒಸರಿತ್ತು.